1799ರ ಸೆಂಟು, 1804ರ ಡಾಲರು: ಅಸಲಿ ಹೌದಾ ಸರ್?

ಪ್ರಶ್ನೆ (ನ್ಯೂಜೆರ್ಸಿಯಿಂದ): ನಮಸ್ಕಾರ ಸರ್. ಪಕ್ಕದ ಊರಲ್ಲಿ ಹಿರಿಯರೊಬ್ಬರು ತೀರಿಕೊಂಡ ಮೇಲೆ ಮನೆಯವರು ಸಾಮಾನೆಲ್ಲ ಮಾರುತ್ತಿದ್ದರು. ಅಲ್ಲಿ ಒಂದು ಡಬ್ಬಿ ನಾಣ್ಯ ಕೊಂಡೆ. ಅದರಲ್ಲಿ 1799ರ ದೊಡ್ಡ ತಾಮ್ರದ ಸೆಂಟು ಇದೆ, ತೂಕ 10.4 ಗ್ರಾಂ. 1804ರ ಬೆಳ್ಳಿ ಡಾಲರೂ ಇದೆ, ತೂಕ 20.3 ಗ್ರಾಂ. ಎರಡೂ ಭಾರಿ ಬೆಲೆಯವು ಅಂತ ಓದಿದೆ. ಫೋಟೋ ಹಾಕಿದ್ದೇನೆ. ಸೆಂಟು ತುಂಬಾ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಲಾ?

ಉತ್ತರ: ಮೊದಲು ಆ ಹುಣಸೆಹಣ್ಣನ್ನು ವಾಪಸ್ ಅಡುಗೆಮನೆಗೆ ಕಳಿಸಿ! ಹಳೇ ತಾಮ್ರ ಕಂದು, ಕಪ್ಪು ಇರಬೇಕಾದ್ದೇ. ಉಜ್ಜಿ ಹೊಳಪು ತಂದರೆ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳಬಹುದು, ಮತ್ತೆ ಏರಿಸಲು ಆಗುವುದಿಲ್ಲ.

ಡಾಲರಿನ ಕಥೆ ಬೇಗ ಮುಗಿಯುತ್ತದೆ. ಅದು ನಕಲಿ. ಆ ಕಾಲದ ಡಾಲರು 26.96 ಗ್ರಾಂ ಇರಬೇಕು. ಎಷ್ಟೇ ಸವೆದರೂ ಆರೂವರೆ ಗ್ರಾಂ ಕರಗಿ ಹೋಗುವುದಿಲ್ಲ. ಫೋಟೋದಲ್ಲಿ ಅಂಚಿಗೆ ಬರೀ ಗೆರೆಗಳಿವೆ. ಅಸಲಿ ಡಾಲರಿನ ಅಂಚಿನ ಮೇಲೆ 'ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್' ಅಂತ ಅಕ್ಷರ ಕೊರೆದಿರುತ್ತದೆ. ಸುಮ್ನೆ ಒಂದು ಆಯಸ್ಕಾಂತ ಹಿಡಿದೂ ನೋಡಿ, ಬೆಳ್ಳಿಯಾದರೆ ಅಂಟುವುದಿಲ್ಲ. ಇನ್ನೊಂದು ತಮಾಷೆ ಗೊತ್ತಾ? 1804ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಡಾಲರು ಹೊಡೆದದ್ದು ಹಳೇ ಇಸವಿಯ ಅಚ್ಚುಗಳಲ್ಲಿ. 1804 ಅಂತ ಇಸವಿ ಇರುವವು ಶುರುವಾದದ್ದು 1834ರಲ್ಲಿ. ಮಸ್ಕತ್ತಿನ ಸುಲ್ತಾನರಿಗೆ, ಸಿಯಾಮಿನ (ಈಗಿನ ಥಾಯ್ಲೆಂಡ್) ರಾಜರಿಗೆ ಉಡುಗೊರೆ ಕೊಡಲು. ಲೋಕದಲ್ಲಿ ಗೊತ್ತಿರುವವು ಇಪ್ಪತ್ತೂ ಇಲ್ಲ. ಡಬ್ಬಿಯಲ್ಲಿ ಸಿಗುವ ಮಾಲಲ್ಲ ಅದು.

ಸೆಂಟಿನ ವಿಷಯಕ್ಕೆ ಮಾತ್ರ ನಾನು ಕುರ್ಚಿ ಎಳೆದುಕೊಂಡು ಕೂತೆ. ತೂಕ ಸರಿಯಾಗಿದೆ. 1795ರ ಕೊನೆಯಲ್ಲಿ ಸೆಂಟಿನ ತೂಕವನ್ನು 13.48ರಿಂದ 10.89 ಗ್ರಾಂಗೆ ಇಳಿಸಿದರು, ಸವೆತ ಕಳೆದರೆ ನಿಮ್ಮದು ಹೊಂದುತ್ತದೆ. ಹಾಗಾಗಿ ನಾಣ್ಯ ಹಳೆಯದೇ ಇರಬೇಕು. ಇಸವಿಯ ಮೇಲೆ ಮಾತ್ರ ನನಗೆ ಅನುಮಾನ. ಸವೆದ 1798 ಸುಲಭವಾಗಿ ಸಿಗುತ್ತದೆ, 1799 ಹಾಗಲ್ಲ, ಸವೆದಿದ್ದರೂ ಸಾವಿರಾರು ಡಾಲರು. ಅದಕ್ಕೇ 1798ರ 8ನ್ನು ಕೆರೆದು 9 ಮಾಡುವ ಚಾಳಿ ಹಳೆಯದು. 8ರ ಕೆಳಗಿನ ಸುತ್ತಿನ ಎಡಭಾಗ ತೆಗೆದರೆ 9 ಆಯಿತಲ್ವಾ? ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಆ ಜಾಗ ನೋಡಿ. ದೀಪವನ್ನು ಓರೆಯಾಗಿ ಬಿಡಿ. ಅಲ್ಲಿ ಮೇಲ್ಮೈ ಸ್ವಲ್ಪ ತಗ್ಗಾಗಿದೆಯಾ, ಬಣ್ಣ ಬೇರೆಯಾ, ಸಣ್ಣ ಗೀರುಗಳಿವೆಯಾ?

ಪ್ರಶ್ನೆ (ಅವರೇ): ನೋಡಿದೆ ಸರ್. ಸ್ವಲ್ಪ ತಗ್ಗು ಇದೆ, ಬಣ್ಣ ತಿಳಿ. ಸವೆತದಿಂದಲೂ ಹಾಗಾಗಬಹುದಲ್ವಾ?

ಉತ್ತರ: ಸವೆತ ಎತ್ತರವಾದ ಭಾಗವನ್ನು ತಿನ್ನುತ್ತದೆ, ಅಂಕಿಯ ಪಕ್ಕದ ಬಯಲನ್ನು ತೋಡುವುದಿಲ್ಲ. ಆದರೂ ಖಚಿತ ಮಾಡಲು ಒಂದು ದಾರಿ ಇದೆ. ಆಗಿನ ಅಚ್ಚುಗಳನ್ನು ಕೈಯಲ್ಲೇ ಮಾಡುತ್ತಿದ್ದರು. ಅಂಕಿ, ಅಕ್ಷರ ಒಂದೊಂದನ್ನೇ ಒತ್ತುತ್ತಿದ್ದರು. ಹಾಗಾಗಿ ಎರಡು ಅಚ್ಚು ಒಂದೇ ಥರ ಇರುವುದಿಲ್ಲ. ಇಸವಿಯ 7ರ ತುದಿ ಚಿತ್ರದ ಹೆಣ್ಣಿನ ಎದೆಗೆಷ್ಟು ಹತ್ತಿರ, 'ಲಿಬರ್ಟಿ' ಅನ್ನುವ ಪದದ ಅಕ್ಷರ ಅವಳ ಕೂದಲಿನ ಯಾವ ಸುರುಳಿಯ ಮೇಲಿದೆ ಅಂತ ಅಳೆದು, ಗೊತ್ತಿರುವ 1799ರ ಅಚ್ಚುಗಳ ಫೋಟೋ ಜೊತೆ ಹೋಲಿಸಿ. ಯಾವುದಾದರೂ 1798ರ ಅಚ್ಚಿಗೆ ಕೂತರೆ ಮುಗಿಯಿತು. ಈ ಅಚ್ಚುಗಳಿಗೆ ನಂಬರು ಕೊಟ್ಟವರು ಅಮೆರಿಕದ ನಾಣ್ಯ ಪರಿಣತ ವಿಲಿಯಂ ಶೆಲ್ಡನ್. ಇವತ್ತು ಎಲ್ಲ ನಾಣ್ಯಕ್ಕೂ ಕೊಡುವ 1ರಿಂದ 70ರ ದರ್ಜೆ ಹುಟ್ಟಿದ್ದೂ ಅವರು 1949ರಲ್ಲಿ ಈ ತಾಮ್ರದ ಸೆಂಟುಗಳಿಗೆ ಅಂತ ಮಾಡಿದ ಲೆಕ್ಕದಿಂದ. ಬೆಲೆ ಕಟ್ಟುವಾಗ ಮೊದಲು ಅಚ್ಚು, ಆಮೇಲೆ ದರ್ಜೆ, ಕೊನೆಗೆ ಮೇಲ್ಮೈ. ಕುಳಿ, ಹಸಿರು ಕಿಲುಬು ಇದ್ದರೆ ಎಷ್ಟೇ ಸ್ಪಷ್ಟವಾಗಿದ್ದರೂ ತಾಮ್ರದ ನಾಣ್ಯ ಕೊಳ್ಳುವವರು ಬೆಲೆ ಕತ್ತರಿಸುತ್ತಾರೆ. 1799ರ ಅಚ್ಚಿಗೆ ಹೊಂದುವವರೆಗೂ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್‌, ಎನ್‌ಜಿಸಿ ಥರದ ಕಂಪನಿಗಳಿಗೆ ಕಳಿಸಿ ದುಡ್ಡು ಸುರಿಯಬೇಡಿ. ನನ್ನ ಅಂದಾಜಿಗೆ ಇದು ತಿದ್ದಿದ 1798.

ಪ್ರಶ್ನೆ (ಮೈಸೂರಿನಿಂದ): ಸರ್, ನಮ್ಮ ಮಾವನವರ ಹತ್ತಿರ 1795ರ ಡಾಲರಿದೆ. ತೂಕ 26.8. ಮುಖದ ಮೇಲೆ ಅರದಿಂದ ಉಜ್ಜಿದ ಹಾಗೆ ಸಾಲುಗೆರೆ. ಯಾರೋ ಹಾಳು ಮಾಡಿದ್ದಾರಾ?

ಉತ್ತರ: ಮೇಡಂ, ಅದು ಟಂಕಸಾಲೆಯವರದೇ ಕೆಲಸ ಇರಬಹುದು. ಬಿಲ್ಲೆ ಭಾರ ಜಾಸ್ತಿಯಾದರೆ ಅಚ್ಚು ಹೊಡೆಯುವ ಮೊದಲೇ ಅರ ಹಾಕಿ ಇಳಿಸುತ್ತಿದ್ದರು. ಹಾಗೆ ಬಂದ ಗೆರೆ ಅಚ್ಚಿನ ಏಟಿಗೆ ಚಪ್ಪಟೆಯಾಗಿರುತ್ತದೆ, ಚಿತ್ರದ ಒಳಗೆ ಅಡಗಿರುತ್ತದೆ. ಆಮೇಲೆ ಬಿದ್ದ ಗೀರಾದರೆ ಚಿತ್ರವನ್ನು ಸೀಳಿಕೊಂಡು ಹೋಗುತ್ತದೆ, ಇಬ್ಬದಿಯಲ್ಲಿ ಲೋಹ ಎದ್ದಿರುತ್ತದೆ. ಮೊದಲನೆಯದಾದರೆ ನಾಣ್ಯಕ್ಕೆ ಕಳಂಕವಲ್ಲ, ಕೊಳ್ಳುವವರು ಸ್ವಲ್ಪ ಮೂಗು ಮುರಿಯಬಹುದು, ಅಷ್ಟೇ. ಅಂಚಿನ ಅಕ್ಷರದ ಫೋಟೋ ಹಾಕಿ. ಯಾರೇ ಹೇಳಿದರೂ ಪರೀಕ್ಷೆಗೆ ಅಂತ ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ನಾವಾಗಿ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ.