ಪದಕಗಳ ಬೆಳ್ಳಿ ಸರ: ಒಂದೇ ಜಾಗದಲ್ಲಿ ತುರಿಕೆ, ಹಸಿರು ಕಲೆ, ಕಳಚುವ ಉಂಗುರಗಳು

ಪ್ರಶ್ನೆ

ನಮಸ್ಕಾರ. ಹದಿನೆಂಟು ಅಂಗುಲದ ತೆಳುವಾದ 925 ಬೆಳ್ಳಿಯ (ಸಾವಿರಕ್ಕೆ 925 ಪಾಲು ಬೆಳ್ಳಿಯಿರುವ) ಸರವೊಂದಕ್ಕೆ, ಬೇರೆ ಬೇರೆ ಕಡೆಯಿಂದ ಕೂಡಿಸಿದ ಪದಕಗಳನ್ನು ತೂಗಹಾಕಿ ಧರಿಸುತ್ತಿದ್ದೇನೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ, ತೂಗಹಾಕಲು ಮೊದಲೇ ಪುಟ್ಟ ಬಳೆ ಬೆಸೆದಿದ್ದ ಎರಡು ಹಳೆಯ ರೂಪಾಯಿ ನಾಣ್ಯಗಳು, ಜಾತ್ರೆಯಲ್ಲಿ ಕೊಂಡ ಕಪ್ಪು ಛಾಯೆಯ ಒಂದು ಮೀನು, ಒಂದು ಮುತ್ತು ಮತ್ತು ಬೆಳ್ಳಿಯ ಎರಡು ಎಲೆಗಳು ಅದರಲ್ಲಿದ್ದವು. ಈಗ ಮೂರು ತೊಂದರೆಗಳು ಒಟ್ಟಿಗೆ ಎದುರಾಗಿವೆ. ಸರವೆಲ್ಲ ಕಪ್ಪಾಗಿದೆ, ಎದೆಯ ಮೇಲ್ಭಾಗದಲ್ಲಿ ಪದಕಗಳು ಕೂರುವ ಜಾಗದಲ್ಲಿ ಮಾತ್ರ ತುರಿಕೆ ಮತ್ತು ಹಸಿರು ಕಲೆ ಕಾಣಿಸಿಕೊಳ್ಳುತ್ತಿದೆ, ಪದಕವನ್ನು ಸರಕ್ಕೆ ಸಿಕ್ಕಿಸುವ ಪುಟ್ಟ ಉಂಗುರ ಕಳಚಿ ಎಲೆಗಳಲ್ಲೊಂದು ಎಲ್ಲೋ ಉದುರಿಹೋಗಿದೆ. ಸರ ಮಾರಿದ ಅಂಗಡಿಯವರು, ಬೆಳ್ಳಿ ನಿಮ್ಮ ಮೈಗೆ ಆಗಿಬರುವುದಿಲ್ಲವೆಂದು ಹೇಳಿ ಮಾತು ಮುಗಿಸಿದರು. ಆದರೆ ಬೆಳ್ಳಿಯ ಕಾಲ್ಗೆಜ್ಜೆಯಿಂದ ನನಗೆ ಎಂದೂ ತೊಂದರೆಯಾಗಿಲ್ಲ. ನಾನು ಇರುವುದು ಕರಾವಳಿಯಲ್ಲಿ, ಬೆವರು ಹೆಚ್ಚು. ಹುಣಸೆಹಣ್ಣಿನಿಂದ ತಿಕ್ಕಿ ನೋಡಿದರೂ ಸರದ ಕಪ್ಪು ಪೂರ್ತಿ ಹೋಗಲಿಲ್ಲ.

ಉತ್ತರ 1 (ಆಭರಣ ದುರಸ್ತಿ ಕೆಲಸದವರು)

ಕಾಲ್ಗೆಜ್ಜೆಯ ವಿಷಯವನ್ನು ತಾವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಅದೊಂದರಿಂದಲೇ ಬೆಳ್ಳಿಯ ಮೇಲಿನ ಅನುಮಾನ ಬಹುಪಾಲು ದೂರವಾಗುತ್ತದೆ. ಸರ ಕತ್ತಿನ ಸುತ್ತಲೂ ತಾಗುತ್ತಿದ್ದು, ತುರಿಕೆ ಮಾತ್ರ ಪದಕಗಳ ಕೆಳಗೆ ಬರುತ್ತಿದ್ದರೆ ತಪ್ಪು ಪದಕಗಳದ್ದೇ ಆಗಿರಬೇಕು.

ಮೂರು ತೊಂದರೆಗಳನ್ನು ಒಂದೇ ಕಾಯಿಲೆಯೆಂದು ಭಾವಿಸಬೇಡಿ. ಕಪ್ಪಾಗುವುದು ಬೆಳ್ಳಿಯ ಸಹಜ ಗುಣ. ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಸೇರಿ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ, ತೇವವಿದ್ದಲ್ಲಿ ಅದು ಇನ್ನೂ ಬೇಗ ಆಗುತ್ತದೆ. ಹುಣಸೆಯ ಹುಳಿ ತಾಮ್ರ, ಹಿತ್ತಾಳೆಗಳ ಕಿಲುಬನ್ನು ಚೆನ್ನಾಗಿ ಕರಗಿಸುತ್ತದೆಯೇ ಹೊರತು ಈ ಸಲ್ಫೈಡನ್ನು ಅಷ್ಟಾಗಿ ಕರಗಿಸುವುದಿಲ್ಲ. ಮುತ್ತು ಸರದಲ್ಲೇ ಇರುವಾಗ ಹುಳಿ ಹಚ್ಚಿದ್ದರೆ ಅದರ ಹೊಳಪನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಮುತ್ತು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹುಳಿಗೆ ಸವೆಯುತ್ತದೆ.

ಹಸಿರು ಕಲೆ ಬೆವರಿನೊಡನೆ ಸೇರಿದ ತಾಮ್ರದ ಲವಣ, ತೊಳೆದರೆ ಹೋಗುತ್ತದೆ. 925 ಬೆಳ್ಳಿಯಲ್ಲೂ ನೂರಕ್ಕೆ ಏಳೂವರೆಯಷ್ಟು ಸಾಮಾನ್ಯವಾಗಿ ತಾಮ್ರವೇ ಇರುತ್ತದೆ, ಆದರೆ ಎದ್ದು ಕಾಣುವಷ್ಟು ಹಸಿರು ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಆ ಮೀನಿನ ಕಡೆಗೆ. ಜಾತ್ರೆಯಲ್ಲಿ ಸಿಗುವ ಕಪ್ಪು ಛಾಯೆಯ ಪದಕಗಳು ಹೆಚ್ಚಾಗಿ ಜರ್ಮನ್ ಸಿಲ್ವರ್‌ನವು. ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇರುವುದಿಲ್ಲ. ಇರುವುದು ತಾಮ್ರ, ನಿಕ್ಕಲ್ ಮತ್ತು ಸತು. ಬೆವರಿನ ಉಪ್ಪುನೀರಿನಲ್ಲಿ ಅದು ಬೆಳ್ಳಿಗೆ ತಾಗಿಕೊಂಡಿದ್ದರೆ ಬೆಳ್ಳಿ ಉಳಿದು ಅದೇ ಬೇಗ ಸವೆಯುತ್ತದೆ, ಸವೆದದ್ದು ಚರ್ಮಕ್ಕೆ ಇಳಿಯುತ್ತದೆ. ತುರಿಕೆಗೆ ಕಾರಣ ಬಹುಶಃ ಅದರಲ್ಲಿರುವ ನಿಕ್ಕಲ್. ಮೀನನ್ನು ಇಂದೇ ತೆಗೆದಿಡಿ. ನಾಣ್ಯಗಳ ಇಸವಿಯನ್ನೂ ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರು

ಒಂದರ ಮೇಲೆ 1944 ಎಂದಿದೆ, ಇನ್ನೊಂದರ ಮೇಲೆ 1947. ಎರಡರಲ್ಲೂ ದೊರೆಯ ತಲೆಯಿದೆ. ಎರಡನೆಯದರ ಹಿಂಬದಿಯಲ್ಲಿ ಹುಲಿಯ ಚಿತ್ರವಿದೆ. ಎರಡೂ ಬೆಳ್ಳಿಯವೆಂದೇ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ.

ಉತ್ತರ 2 (ನಾಣ್ಯ ಸಂಗ್ರಾಹಕರು)

ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿ ಇಲ್ಲ, ಅದು ಶುದ್ಧ ನಿಕ್ಕಲ್. ಆರನೆಯ ಜಾರ್ಜ್ ದೊರೆಯ ಕಾಲದಲ್ಲೇ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಒಮ್ಮೆ, ಅದು ಮುಗಿದ ಬಳಿಕ ಇನ್ನೊಮ್ಮೆ, ರೂಪಾಯಿಯ ಲೋಹ ಎರಡು ಮೆಟ್ಟಿಲು ಕೆಳಗಿಳಿಯಿತು. ಅದಕ್ಕೆ ಮುಂಚಿನ ರೂಪಾಯಿಗಳು ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ ತೂಗುತ್ತಿದ್ದವು, ಅವುಗಳಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ ಇರುತ್ತಿತ್ತು. 1940ರಿಂದ 1945ರವರೆಗೆ ಚಲಾವಣೆಗೆ ಹೊರಟವುಗಳಲ್ಲಿ ಬೆಳ್ಳಿ ಅರ್ಧದಷ್ಟೇ. ಉಳಿದದ್ದು 40 ಭಾಗ ತಾಮ್ರ, ಐದು ಭಾಗ ನಿಕ್ಕಲ್, ಐದು ಭಾಗ ಸತು. ನಿಮ್ಮ 1944ರದು ಈ ಗುಂಪಿನದು. ಮನೆಯವರ ಮಾತು ಆ ನಾಣ್ಯದ ಮಟ್ಟಿಗೆ ಅರ್ಧ ನಿಜ ಎನ್ನಬಹುದು.

ಅಯಸ್ಕಾಂತವೊಂದನ್ನು ಹಿಡಿದು ನೋಡಿ. 1947ರ ನಾಣ್ಯ ಅದಕ್ಕೆ ಅಂಟಿಕೊಳ್ಳುತ್ತದೆ, 1944ರದು ಅಂಟಿಕೊಳ್ಳುವುದಿಲ್ಲ. ಬಳೆ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲವಾದ್ದರಿಂದ ಇವನ್ನು ಆಭರಣವೆಂದೇ ಇಟ್ಟುಕೊಳ್ಳಿ. ಆದರೂ ವಿಭೂತಿ, ಹಲ್ಲುಪುಡಿ, ಪೇಸ್ಟುಗಳಿಂದ ಉಜ್ಜಿ ಅಚ್ಚನ್ನು ಸವೆಸಬೇಡಿ.

ಉತ್ತರ 3

ನನಗೂ ಇದೇ ತೊಂದರೆಯಿತ್ತು. ನಾಣ್ಯದ ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದೆ, ಅಷ್ಟರಿಂದಲೇ ಸರಿಹೋಯಿತು.

ಉತ್ತರ 1

ನೇಲ್ ಪಾಲಿಶ್ ಒಂದು ಸಂಜೆಯ ಮದುವೆ ಊಟಕ್ಕೆ ಸಾಕು, ದಿನವೂ ಧರಿಸುವ ಸರಕ್ಕೆ ಸಾಲದು. ಬೆವರಿಗೆ ಅದು ಅಂಚಿನಿಂದ ಸುಲಿಯತೊಡಗುತ್ತದೆ, ಸುಲಿದ ಜಾಗ ಕಣ್ಣಿಗೆ ಬೀಳುವ ಮೊದಲೇ ಚರ್ಮಕ್ಕೆ ತಿಳಿದಿರುತ್ತದೆ. ನಿಕ್ಕಲ್‌ನ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುವುದರಿಂದ ಇದರಲ್ಲಿ ಅರೆಮನಸ್ಸಿನ ಉಪಾಯ ಬೇಡ. ತುರಿಕೆ ತಾಗಿದ ಕೂಡಲೇ ಬಾರದೆ ಒಂದೆರಡು ದಿನ ತಡವಾಗಿಯೂ ಬರಬಹುದಾದ್ದರಿಂದ, ಅನುಮಾನದ ಪದಕಗಳನ್ನೆಲ್ಲ ತೆಗೆದು, ಚರ್ಮ ವಾಸಿಯಾದ ಮೇಲೆ ಬರಿಯ ಸರವನ್ನು ಕೆಲವು ದಿನ ಧರಿಸಿ ನೋಡುವುದು ಒಳ್ಳೆಯದು. ಗುಳ್ಳೆ ಎದ್ದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಅಯಸ್ಕಾಂತದ ಪರೀಕ್ಷೆಗೊಂದು ಮಿತಿಯಿದೆ. ಜರ್ಮನ್ ಸಿಲ್ವರ್‌ನಲ್ಲಿ ನಿಕ್ಕಲ್ ಸಾಕಷ್ಟಿದ್ದರೂ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಪದಕವನ್ನು ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಬಿಡುತ್ತಿದೆಯೆಂದು ಅರ್ಥ. ನಿಕ್ಕಲ್ ಪರೀಕ್ಷೆಯ ಕಿಟ್ ಎಂದು ಕೇಳಿದರೆ ಇದು ಸಿಗುತ್ತದೆ.

ಪ್ರಶ್ನೆ ಕೇಳಿದವರು

ಹುಲಿಯ ನಾಣ್ಯ ಅಯಸ್ಕಾಂತಕ್ಕೆ ಟಪ್ಪೆಂದು ಅಂಟಿಕೊಂಡಿತು. ಅದನ್ನೂ ಮೀನನ್ನೂ ತೆಗೆದಿಟ್ಟ ಮೇಲೆ ಚರ್ಮ ವಾಸಿಯಾಗುತ್ತಿದೆ. ಆದರೆ ಅಜ್ಜಿಯ ನಾಣ್ಯವನ್ನು ಪೆಟ್ಟಿಗೆಗೆ ಸೇರಿಸಲು ಮನಸ್ಸಿಲ್ಲ. ಅದನ್ನು ಧರಿಸಲು ದಾರಿಯಿದೆಯೇ? ಉದುರುವ ಉಂಗುರಗಳಿಗೇನು ಮಾಡಲಿ?

ಉತ್ತರ 1

ದಾರಿಯಿದೆ. ನಾಣ್ಯದ ಮೈಗೆ ತಾಗುವ ಬದಿಗೂ ಅಂಚಿಗೂ 925 ಬೆಳ್ಳಿಯ ತಗಡಿನ ಕಟ್ಟು ಹಾಕಿಸಿ, ಹೊರಬದಿ ಮಾತ್ರ ತೆರೆದಿರಲಿ. ಹುಲಿ ಹೊರಮುಖವಾಗಿ, ದೊರೆಯ ತಲೆ ಒಳಕ್ಕೆ ಹೋದರೆ ಯಾರಿಗೂ ಬೇಸರವಿರಲಾರದು. ಹಳೆಯ ಬಳೆಯನ್ನು ತೆಗೆಸಿ, ಹೊಸದನ್ನು ಕಟ್ಟಿಗೇ ಬೆಸೆಯಲಿ. ಸರ ಮಗುಚಿಕೊಂಡರೆ ನಾಣ್ಯ ಚರ್ಮಕ್ಕೆ ತಾಗುತ್ತದೆ ಎಂಬುದು ನೆನಪಿರಲಿ. ಇಂಥದ್ದನ್ನು ಮೈಮೇಲಿಗಿಂತ ಕುಪ್ಪಸ ಅಥವಾ ಕುರ್ತಾದ ಬಟ್ಟೆಯ ಮೇಲೆ ಬೀಳುವಂತೆ 60 ಸೆಂಟಿಮೀಟರಿನ ಸರದಲ್ಲಿ ಧರಿಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸುರಕ್ಷಿತ.

ಸರ ಬದಲಿಸಲು ಇನ್ನೊಂದು ಕಾರಣವೂ ಇದೆ. ಒಂದೊಂದು ತೊಲದ ಆಸುಪಾಸಿನ ಎರಡು ನಾಣ್ಯಗಳು ತೆಳುವಾದ ಸರದ ಒಂದೊಂದು ಕೊಂಡಿಯನ್ನೂ ಹಗಲೆಲ್ಲ ಎಳೆಯುತ್ತಿರುತ್ತವೆ. ಜಾರುವ ಪದಕಗಳೆಲ್ಲ ನಡುವೆ ಬಂದು ಗುಂಪಾಗಿ ಒಂದಕ್ಕೊಂದು ಉಜ್ಜುವುದೂ, ಉಂಗುರದ ಬಾಯಿ ತೆರೆದುಕೊಳ್ಳುವುದೂ ಇದರಿಂದಲೇ. ದಪ್ಪ ಕೊಂಡಿಯ ಸರ ಆರಿಸಿ, ಭಾರದ ಪದಕವನ್ನು ನಟ್ಟನಡುವಿನ ಕೊಂಡಿಗೆ, ಹಗುರವಾದವನ್ನು ಎರಡೂ ಬದಿಗೆ ಎರಡೂವರೆ ಸೆಂಟಿಮೀಟರಿನಷ್ಟು ಅಂತರದಲ್ಲಿ ಸಿಕ್ಕಿಸಿ. ಪುಟ್ಟ ಉಂಗುರವನ್ನು ಬಿಡಿಸುವಾಗ ಬಾಯಿಯನ್ನು ಅಗಲಕ್ಕೆ ಎಳೆಯದೆ, ಎರಡು ಇಕ್ಕಳಗಳಿಂದ ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಬೇಕು. ಇಲ್ಲವಾದರೆ ಅದು ಮತ್ತೆ ದುಂಡಗಾಗುವುದೇ ಇಲ್ಲ. ನಾಣ್ಯಗಳ ಉಂಗುರಗಳನ್ನು ಮಾತ್ರ ಬೆಸುಗೆ ಹಾಕಿಸಿಯೇ ಮುಚ್ಚಿಸಿ.

ಬರಿಯ ಬೆಳ್ಳಿ ಸರದ ಕಪ್ಪಿಗೆ, ಅಲ್ಯುಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ, ಸರ ಹಾಳೆಗೆ ತಾಗುವಂತೆ ಕೆಲವು ನಿಮಿಷ ಇಟ್ಟರೆ ಗಂಧಕ ಅಲ್ಯುಮಿನಿಯಂ ಕಡೆಗೆ ಸರಿದು ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕಪ್ಪು ಛಾಯೆ ಕೊಟ್ಟ ಪದಕ, ಮುತ್ತು, ಅಂಟಿನಿಂದ ಕೂರಿಸಿದ ಹರಳುಗಳನ್ನು ಇದರಲ್ಲಿ ಹಾಕಲೇಬಾರದು. ವಾರದ ತೊಳೆತಕ್ಕೆ ಅಂಟುವಾಳದ ನೊರೆ ಅಥವಾ ಮೆದು ಸೋಪು ಸಾಕು. ಮುತ್ತನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಅತ್ತರು, ಪೌಡರು, ಎಣ್ಣೆ ಎಲ್ಲ ಮುಗಿದ ಮೇಲೆ ಸರ ಧರಿಸಿ, ತೆಗೆದಾಗ ಬೆವರು ಒರೆಸಿ, ಗಾಳಿಯಾಡದ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ರಬ್ಬರ್ ಬ್ಯಾಂಡಿನಲ್ಲೂ ಉಣ್ಣೆಯಲ್ಲೂ ಗಂಧಕವಿರುವುದರಿಂದ ಅವುಗಳಲ್ಲಿ ಸುತ್ತಿಡಬೇಡಿ.

ಬೆಸುಗೆಗೆ ಕೊಡುವ ಮೊದಲು ಮುತ್ತನ್ನು ನೀವೇ ಬಿಚ್ಚಿಟ್ಟುಕೊಳ್ಳಿ. ಊದುದೀಪದ ಬೆಂಕಿಯನ್ನು ಅದು ತಾಳುವುದಿಲ್ಲ.