ಶಿರಸಿ ಸುತ್ತಮುತ್ತ ಮನೆಮಂದಿಯೆಲ್ಲ ಸೇರಿ ಸೈಕಲ್ ತುಳಿಯಲು ಯಾವ ರಸ್ತೆ ಸೂಕ್ತ?

ಪ್ರಶ್ನೆ: ಶಿರಸಿ ಪೇಟೆಯ ನಿವಾಸಿ

ನಮ್ಮ ಮನೆ ಮತ್ತು ಪಕ್ಕದ ಮನೆಯವರು ಸೇರಿ ಆರು ಜನ ದೀಪಾವಳಿ ರಜೆಯಲ್ಲಿ ಒಂದು ದಿನ ಸೈಕಲ್ ಮೇಲೆ ಸುತ್ತಾಡಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಗುಂಪಿನಲ್ಲಿ ನಿವೃತ್ತರಾಗಿರುವ ನಮ್ಮ ಭಾವನವರಿದ್ದಾರೆ, ಏಳನೆಯ ತರಗತಿ ಓದುವ ಮಗಳಿದ್ದಾಳೆ, ಕಾಲೇಜು ಬಿಟ್ಟ ಮೇಲೆ ಪೆಡಲ್ ತುಳಿಯದ ಇಬ್ಬರಿದ್ದಾರೆ, ದೇವಿಮನೆ ಘಟ್ಟವನ್ನು ಇಳಿದು ಮತ್ತೆ ಹತ್ತಿ ಬರುವ ತಮ್ಮನೂ ಇದ್ದಾನೆ. ಎರಡು ಸೈಕಲ್‌ಗಳಿಗೆ ಗೇರ್ ಇಲ್ಲ. ತೀರಾ ಸಪಾಟಾದ ರಸ್ತೆ ನಮ್ಮ ಸೀಮೆಯಲ್ಲಿ ಸಿಗುವುದಿಲ್ಲವೆಂಬುದು ಗೊತ್ತಿದೆ. ಆದರೂ ಸಣ್ಣಪುಟ್ಟ ಏರಿಳಿತಗಳಷ್ಟೇ ಇದ್ದು, ಬಲ್ಲವರಿಗೆ ಬೇಸರವಾಗದ, ಹೊಸಬರು ದಣಿದು ಕೂರದ ದಾರಿ ಇದ್ದರೆ ದಯವಿಟ್ಟು ತಿಳಿಸಿ. ಕುಮಟಾ ರಸ್ತೆಯಲ್ಲಿ ರಾಗಿಹೊಸಳ್ಳಿಯವರೆಗೆ ಹೋಗಿ ಮರಳೋಣವೆಂದು ತಮ್ಮ ಹೇಳುತ್ತಿದ್ದಾನೆ. ಅದು ಸರಿಹೋದೀತೆ?

ಉತ್ತರ 1: ಬನವಾಸಿ ಕಡೆಯವರು

ಶಿರಸಿಯಲ್ಲಿ ಇಂಥ ದಾರಿ ಹುಡುಕುವವರು ಮೊದಲು ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಪೇಟೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿಯ ಶಂಕರ ಹೊಂಡದಲ್ಲಿ ಹುಟ್ಟುವ ಅಘನಾಶಿನಿ ಅಷ್ಟೂ ಎತ್ತರವನ್ನು ಅಲ್ಪ ದೂರದಲ್ಲಿಯೇ ಕಳೆದುಕೊಂಡು ಸಮುದ್ರ ಸೇರಬೇಕಾಗಿರುವುದರಿಂದ ನೆಲವನ್ನು ಆಳವಾಗಿ ಕೊರೆದಿದೆ. ಉಂಚಳ್ಳಿಯಲ್ಲಿ ಅದು ಧುಮುಕುವುದೂ ಇದೇ ಕಾರಣಕ್ಕೆ. ಆ ಕಣಿವೆಗಳ ಕಡೆಗೆ ಹೊರಟ ಯಾವ ರಸ್ತೆಯಾದರೂ ಕೊನೆಗೆ ಕಡಿದಾಗಿ ಇಳಿಯಲೇಬೇಕು, ಇಳಿದವರು ಹತ್ತಲೇಬೇಕು. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆಯಾದರೋ ಬಯಲುಸೀಮೆಯತ್ತ ತಿರುಗಿ ತುಂಗಭದ್ರೆಯನ್ನು ಸೇರುವ ಹೊಳೆ. ಅದರ ಕಡೆಗೆ ನೆಲ ನಿಧಾನವಾಗಿ ತಗ್ಗುತ್ತ ಹೋಗುತ್ತದೆ. ಆದ್ದರಿಂದ ನೀವು ಹೋಗಬೇಕಾದದ್ದು ಬನವಾಸಿ ರಸ್ತೆಗೆ.

ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿ.ಮೀ. ಈ ರಸ್ತೆಯ ಸ್ವಭಾವ ಎಲ್ಲ ಕಡೆಗೂ ಒಂದೇ: ಕಾಡಿನ ದಿಬ್ಬದಿಂದ ಗದ್ದೆಬಯಲಿಗೆ ಇಳಿಯುತ್ತದೆ, ಬಯಲಿನ ತಳದಲ್ಲಿ ಒಂದು ಮೋರಿ ಸಿಗುತ್ತದೆ, ಮೋರಿ ದಾಟಿದೊಡನೆ ಮತ್ತೆ ದಿಬ್ಬ ಏರುತ್ತದೆ. ಹೊಸಬರು ದಣಿಯುವುದು ಏರಿನ ಉದ್ದದಿಂದಲ್ಲ, ಈ ಮೋರಿಯ ಬಳಿ ಮಾಡುವ ತಪ್ಪಿನಿಂದ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದು, ತಳದಲ್ಲಿ ವೇಗವೆಲ್ಲ ಕಳೆದ ಮೇಲೆ ಭಾರವಾದ ಗೇರ್‌ನಲ್ಲಿ ಏರತೊಡಗುತ್ತಾರೆ. ಹತ್ತು ಮಾರು ಹೋಗುವಷ್ಟರಲ್ಲಿ ಚೈನು ಕಿರುಗುಟ್ಟುತ್ತದೆ, ಕಾಲು ನೆಲಕ್ಕೆ ಬರುತ್ತದೆ. ಗೇರ್ ಇರುವವರು ಮೋರಿಗಿಂತ ಮುಂಚೆಯೇ ಹಗುರ ಗೇರ್‌ಗೆ ಬದಲಾಯಿಸಿಕೊಳ್ಳಲಿ. ಗೇರ್ ಇಲ್ಲದವರು ಎದುರು ಚೆನ್ನಾಗಿ ಕಾಣುವ ಕಡೆ ಬ್ರೇಕ್ ಸಡಿಲಿಸಿ, ಇಳಿದು ಬಂದ ಓಟದಲ್ಲಿಯೇ ಅರ್ಧ ಏರನ್ನು ದಾಟಿಕೊಳ್ಳಲಿ. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ಮೋರಿಗಳ ಮೇಲೆ ಕೊಚ್ಚಿ ಬಂದ ಜಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಗಮನಿಸದೆ ಯಾರೂ ವೇಗ ಹೆಚ್ಚಿಸಬಾರದು.

ಇನ್ನೊಂದು ಮಾತು. ಬನವಾಸಿ ಶಿರಸಿಗಿಂತ ತಗ್ಗಿನಲ್ಲಿದೆ. ಬೆಳಿಗ್ಗೆ ಸಲೀಸಾಗಿ ಹೋದವರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಮರಳುವಾಗ ಅದೇ ರಸ್ತೆ ಬೇರೆಯಾಗಿಯೇ ಕಾಣುತ್ತದೆ. ಹೊಸಬರ ಮತ್ತು ಮಗುವಿನ ಸೈಕಲ್‌ಗಳನ್ನು ಗೂಡ್ಸ್ ಆಟೋದಲ್ಲಿ ಬನವಾಸಿಗೆ ಒಯ್ದು, ಅಲ್ಲಿಂದ ಗುಡ್ನಾಪುರದ ಕೆರೆಯವರೆಗೆ ಹೋಗಿ ಬಂದರೆ ಹತ್ತು ಹನ್ನೊಂದು ಕಿ.ಮೀ. ಆಗುತ್ತದೆ, ಅಷ್ಟು ಅವರಿಗೆ ಸಾಕು. ಕದಂಬ ದೊರೆ ರವಿವರ್ಮನ ಶಾಸನ ದೊರೆತ ಊರು ಅದು, ಮಗಳಿಗೆ ಪಾಠದಲ್ಲಿ ಓದಿದ ಹೆಸರು ಕಣ್ಣೆದುರು ಸಿಕ್ಕಂತಾಗುತ್ತದೆ. ನಿಮ್ಮ ತಮ್ಮ ಶಿರಸಿಯಿಂದಲೇ ತುಳಿದುಕೊಂಡು ಬಂದು ಗುಡ್ನಾಪುರದಲ್ಲಿ ಕೂಡಿಕೊಳ್ಳಲಿ, ಆಮೇಲೆ ಎಲ್ಲರೂ ಒಟ್ಟಿಗೆ ಮಧುಕೇಶ್ವರ ದೇವಸ್ಥಾನಕ್ಕೆ ಬಂದು ಹೊರಗಿನ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಎಲ್ಲರೂ ಒಂದೇ ದೂರ ತುಳಿಯಬೇಕೆಂಬ ಹಟ ಬಿಟ್ಟರೆ ಮಾತ್ರ ಇಂಥ ಗುಂಪು ಕೊನೆಯವರೆಗೂ ಸಂತೋಷದಿಂದ ಇರುತ್ತದೆ.

ರಾಗಿಹೊಸಳ್ಳಿ ಕಡೆಗೆ ಮಗುವನ್ನು ಕರೆದೊಯ್ಯಬೇಡಿ. ಕರಾವಳಿಗೆ ಹೋಗಿ ಬರುವ ಲಾರಿ, ಬಸ್ಸುಗಳೆಲ್ಲ ಆ ರಸ್ತೆಯಲ್ಲಿಯೇ ಓಡಾಡುತ್ತವೆ.

ಉತ್ತರ 2: ಹುಲೇಕಲ್ ಸಮೀಪದವರು

ಮೇಲಿನವರು ಹೇಳಿದ್ದು ಬಹುಪಾಲು ಸರಿ. ಆದರೆ ಪಶ್ಚಿಮ, ಉತ್ತರದ ರಸ್ತೆಗಳೆಲ್ಲ ಹೊಸಬರಿಗೆ ಆಗದವು ಎಂಬ ಭಾವನೆ ಬರಬಾರದೆಂದು ಎರಡು ಮಾತು ಸೇರಿಸುತ್ತೇನೆ. ಹುಲೇಕಲ್ ಮೇಲೆ ಸೋಂದಾಕ್ಕೆ ಹೋಗಿ, ಯಲ್ಲಾಪುರ ರಸ್ತೆ ಹಿಡಿದು ಭೈರುಂಬೆಯ ಮೂಲಕ ಶಿರಸಿಗೆ ಮರಳುವ ಸುತ್ತು ಗೇರ್ ಇರುವ ಸೈಕಲ್‌ಗಳಿಗೆ ಬಹಳ ಒಳ್ಳೆಯದು. ಏರುಗಳು ಬನವಾಸಿ ರಸ್ತೆಗಿಂತ ಚೂಪಾಗಿವೆ, ನಿಜ. ಆದರೆ ಅಡಿಕೆ ತೋಟದ ತಂಪು, ಬೆಟ್ಟದ ನೆರಳು ದಾರಿಯುದ್ದಕ್ಕೂ ಜೊತೆಗಿರುವುದರಿಂದ ಹತ್ತು ಗಂಟೆಯ ನಂತರವೂ ತುಳಿಯಬಹುದು. ಬನವಾಸಿಯ ಬಯಲಿನಲ್ಲಿ ಆ ಅನುಕೂಲವಿಲ್ಲ. ಭಾವನವರಿಗೆ ಮಂಡಿ ನೋವಿಲ್ಲದಿದ್ದರೆ, ಮುಂದಿನ ಸಣ್ಣ ಚಕ್ರ 34 ಹಲ್ಲು ಮತ್ತು ಹಿಂದಿನ ದೊಡ್ಡ ಚಕ್ರ 34 ಹಲ್ಲು ಇರುವ ಸೈಕಲ್ ಅವರಿಗೆ ಕೊಡಿ. ಆ ಜೋಡಿಯಲ್ಲಿ ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು ಬರುತ್ತದೆ, ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಕುಳಿತೇ ಏರಬಹುದು.

ಹೆಣ್ಣುಮಗಳು ಜೊತೆಗಿದ್ದಾಳೆ ಎಂದಿದ್ದೀರಿ. ಒಳರಸ್ತೆಗಳಲ್ಲಿ ಟೀ ಅಂಗಡಿಯೂ ಶೌಚಾಲಯವೂ ಅಪರೂಪ. ಸೋಂದಾದಲ್ಲಿ ವಾದಿರಾಜ ಮಠ ಇರುವುದರಿಂದ ಅದನ್ನೇ ನಡುವಿನ ವಿಶ್ರಾಂತಿಯ ತಾಣವಾಗಿ ಇಟ್ಟುಕೊಳ್ಳುವುದು ಒಳಿತು. ಶಾಲ್ಮಲೆಯ ಸಹಸ್ರಲಿಂಗಕ್ಕೂ ಅದೇ ಯಲ್ಲಾಪುರ ರಸ್ತೆಯಿಂದ ತಿರುಗಬೇಕು. ಆದರೆ ನೀರಿಳಿಯದೆ ಬಂಡೆಯ ಮೇಲಿನ ಲಿಂಗಗಳು ಪೂರ್ತಿ ಕಾಣುವುದಿಲ್ಲ, ಬೇಸಿಗೆಗೆ ಇಟ್ಟುಕೊಳ್ಳಿ.

ಉತ್ತರ 3: ಕುಮಟಾದವರು

ಕರಾವಳಿಗೆ ಬರುವ ಮನಸ್ಸಿದ್ದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾತ್ರ ಮಕ್ಕಳನ್ನು ಕರೆತರಬೇಡಿ. ಅದರ ಬದಲು ಗೋಕರ್ಣದಿಂದ ಸಾಣಿಕಟ್ಟಾದ ಉಪ್ಪಿನಾಗರಗಳ ಪಕ್ಕದಲ್ಲಿ ಹಾದು ತದಡಿಗೆ ಬಂದು, ಅಲ್ಲಿ ಹೊಳೆ ದಾಟಿ ಅಘನಾಶಿನಿ ಊರಿಗೆ ಇಳಿದು, ಕಾಗಾಲ, ಬಾಡದ ಮಾರ್ಗವಾಗಿ ಕುಮಟಾ ಸೇರಬಹುದು. ಹೊಳೆಯ ಬದಿಯ ಭಾಗ ಸಪಾಟಾಗಿದೆ, ಗೇರ್ ಇಲ್ಲದ ಸೈಕಲ್‌ಗೂ ತೊಂದರೆಯಿಲ್ಲ. ಗಜನಿ ಗದ್ದೆಗಳಲ್ಲಿ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೆಳೆಯುವ, ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮನೆಗೆ ಹೋದೊಡನೆ ಚೈನು ಒರೆಸಿ ಎಣ್ಣೆ ಹಾಕಿ. ಉಪ್ಪುಗಾಳಿಗೆ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಕಾರವಾರದ ಬಳಿಯಾದರೆ ಕಾಳಿ ನದಿಯ ಬದಿಯಲ್ಲಿ ಕೆರವಡಿ ಕಡೆಗೆ ಹೋಗುವ ರಸ್ತೆಯನ್ನು ನೋಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗುಡ್ನಾಪುರದಲ್ಲಿ ಕೂಡಿಕೊಳ್ಳುವ ಯೋಜನೆಯನ್ನು ತಮ್ಮನೂ ಒಪ್ಪಿದ್ದಾನೆ. ಒಂದು ಸಂದೇಹ ಉಳಿದಿದೆ: ದೀಪಾವಳಿಯ ಹೊತ್ತಿಗೆ ಒಂದೆರಡು ಮಳೆ ಬಂದರೆ ಹೋಗುವುದು ಕ್ಷೇಮವೆ?

ಉತ್ತರ 1ರವರು ಮತ್ತೆ

ಹಿಂದಿನ ಸಂಜೆ ಮಳೆ ಬಂದಿದ್ದರೂ ಹೋಗಬಹುದು, ಆದರೆ ಬಿಸಿಲು ಬಿದ್ದ ಮೇಲೆ ಹೊರಡಿ. ಮರಗಳ ಕೆಳಗೆ ಡಾಂಬರಿನ ಅಂಚಿನಲ್ಲಿ ಮಳೆಗಾಲದ ಪಾಚಿ ಇನ್ನೂ ಒಣಗಿರುವುದಿಲ್ಲ, ಅದರ ಮೇಲೆ ದರಕು (ಒಣ ಎಲೆ) ಉದುರಿ ಮುಚ್ಚಿರುತ್ತದೆ. ಎದುರಿನಿಂದ ವಾಹನ ಬಂದಾಗ ಗಾಬರಿಯಿಂದ ಅಂಚಿಗೆ ಸರಿಯುವವರೇ ಹೆಚ್ಚಾಗಿ ಜಾರುವುದು. ಮಗಳಿಗೆ ಅಂಚಿನಿಂದ ಒಂದು ಮೊಳ ಒಳಗೇ ನೇರವಾಗಿ ಸಾಗಲು ಹೇಳಿಕೊಡಿ, ಅವಳ ಹಿಂದೆ ದೊಡ್ಡವರೊಬ್ಬರು ಇರಲಿ, ಎಲ್ಲರೂ ಹೆಲ್ಮೆಟ್ ಹಾಕಿಕೊಳ್ಳಲಿ. ಟೈರ್‌ಗಳಿಗೆ ಗಾಳಿಯನ್ನು ಎಂದಿಗಿಂತ ತುಸು ಕಡಿಮೆ ಹಾಕಿದರೆ ಹಿಡಿತ ಚೆನ್ನಾಗಿರುತ್ತದೆ. ಪಂಕ್ಚರ್ ಅಂಗಡಿ ಬನವಾಸಿ ಪೇಟೆ ಬಿಟ್ಟರೆ ನಡುವೆ ಸಿಗುವ ಭರವಸೆಯಿಲ್ಲ. ಪ್ರತಿ ಅಳತೆಯ ಗಾಲಿಗೂ ಒಂದೊಂದು ಟ್ಯೂಬು, ಒಂದು ಕೈಪಂಪು ತಮ್ಮನ ಚೀಲದಲ್ಲಿರಲಿ.