ರಿವರ್ಬರೇಷನ್‌ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಗೆಳೆಯರೇ,
ಬೆಂಗಳೂರಿನ ವಾಸ್ತುಶಿಲ್ಪ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಮುದ್ರಣಕ್ಕೆ ಹೋಗಬೇಕು. ವೆನಿಸ್‌ನ ಲಾ ಫೆನಿಚೆ ಒಪೆರಾ ಮಂದಿರ 1996ರ ಜನವರಿಯಲ್ಲಿ ಸುಟ್ಟುಹೋಗಿ 2003ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ‘ಇದ್ದಂತೆಯೇ, ಇದ್ದಲ್ಲಿಯೇ’ ಕಟ್ಟುವುದೆಂದು ಊರಿನವರ ಪಣ. ಚಿತ್ತಾರಗಳಿಗೆ ಹಳೆಯ ಚಿತ್ರಗಳಿದ್ದವು, ದನಿಗೆ? ಪುಣ್ಯಕ್ಕೆ, ಬೆಂಕಿ ಬೀಳುವ ಎರಡು ತಿಂಗಳ ಮುನ್ನ ಸಂಶೋಧಕರು ಅಲ್ಲಿ ಸದ್ದು ಹೇಗೆ ಹಬ್ಬಿ ಆರುತ್ತದೆಂದು ಅಳೆದಿಟ್ಟಿದ್ದರು. ಸದ್ದು ಹಾಗೆ ಆರಲು ಹಿಡಿಯುವ ಸಮಯಕ್ಕೆ, ಅಂದರೆ ‘ರಿವರ್ಬರೇಷನ್ ಟೈಮ್’ಗೆ, ‘ಪ್ರತಿಧ್ವನಿ ಅವಧಿ’ ಎಂದು ಬರೆದಿದ್ದೇನೆ. ಸರಿಯೇ?

ಮರು:
ಸರಿಯಲ್ಲ. ಸಂಸ್ಕೃತದ ಮುಂದೆ ಕೈಯೊಡ್ಡುವುದೇಕೆ? ‘ಮಾರ್ದನಿ’ ಎಂಬ ಅಚ್ಚಗನ್ನಡ ಪದವಿದೆ. ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ ಮಗುವಿಗೂ ಅದು ತಿಳಿಯುತ್ತದೆ. ‘ಮಾರ್ದನಿಯ ಹೊತ್ತು’ ಎನ್ನಿ, ಮುಗಿಯಿತು.

ಮರು:
> ‘ಮಾರ್ದನಿ’ ಎಂಬ ಅಚ್ಚಗನ್ನಡ ಪದವಿದೆ.
‘ಮಾರ್’ ನಮ್ಮದು, ಒಪ್ಪಿದೆ. ‘ದನಿ’ ಎಲ್ಲಿಂದ ಬಂತು ಸ್ವಾಮಿ? ‘ಧ್ವನಿ’ಯ ತದ್ಭವ. ತಾವು ಸಾಕ್ಷಿಗೆ ಕರೆತಂದ ಗುಮ್ಮಟವೂ ಪಾರಸಿಯ ಗುಂಬದ್. ಅದಿರಲಿ. ಪ್ರತಿಧ್ವನಿ, ಮಾರ್ದನಿ ಎರಡೂ ಎಕೋ: ಕೂಗಿದ್ದು ತಡವಾಗಿ, ಬಿಡಿಯಾಗಿ ಮರಳುವುದು. ಒಪೆರಾ ಮಂದಿರದಲ್ಲಿ ಅದು ಕೇಳಿಸಿದರೆ ಕಟ್ಟಿದವನ ಮಾನ ಹೋಯಿತು. ರಿವರ್ಬರೇಷನ್ ಎಂದರೆ ಗೋಡೆ, ಸೂರು, ಬಾಲ್ಕನಿಗಳಿಗೆ ತಾಗಿದ ಅಲೆಗಳು ಒಂದರೊಳಗೊಂದು ಬೆರೆತು, ಹಾಡುಗಾರ ಬಾಯಿ ಮುಚ್ಚಿದ ಮೇಲೂ ಉಳಿಯುವ ಗುಂಗು. ಅದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅಳತೆ. ವಾದ್ಯವೃಂದದ ಸಭಾಂಗಣಕ್ಕೆ ಸುಮಾರು ಎರಡು ಸೆಕೆಂಡ್ ಹಿತ; ಒಪೆರಾದಲ್ಲಿ ಸಾಹಿತ್ಯವೂ ಕಿವಿಗೆ ಬೀಳಬೇಕು, ಹಾಗಾಗಿ ಅದಕ್ಕಿಂತ ಕಡಿಮೆ. ಇದಕ್ಕೆ ‘ಅನುರಣನ’ವೇ ಪದ. ಕಾವ್ಯದಲ್ಲಿ ಸೂಚ್ಯಾರ್ಥವೇ ಮುಖ್ಯವೆಂದ ಧ್ವನಿಸಿದ್ಧಾಂತದವರು ಗಂಟೆಯ ಹೋಲಿಕೆ ಕೊಟ್ಟಾಗ ಬಳಸಿದ್ದೂ ಅದನ್ನೇ.

ಮರು:
ಫಲಕ ಓದುವವರು ಅಲಂಕಾರಶಾಸ್ತ್ರದ ಪರೀಕ್ಷೆಗೆ ಕೂತವರಲ್ಲ. ಅರ್ಥ ಹೇಳುವಾಗ ತಮಗೆ ಒದಗಿದ್ದು ‘ಗುಂಗು’. ಅಚ್ಚಿಗೆ ಕಳಿಸುವಾಗ ಮಾತ್ರ ಅದು ಮೈಲಿಗೆಯೇ? ರೈಲು, ಟಿಕೆಟ್ಟು ಬಂದಾಗ ಯಾರೂ ಗಂಟೆ ಬಾರಿಸಲಿಲ್ಲ. ಸಂಸ್ಕೃತಕ್ಕೆ ಮಾತ್ರ ಮಂಗಳಾರತಿ.

ಮರು:
ಗುಂಗು ತಲೆಯೊಳಗಿನದು. ಅದನ್ನು ಸೆಕೆಂಡುಗಳಲ್ಲಿ ಅಳೆಯುವ ಯಂತ್ರ ಸಿಕ್ಕಿದರೆ ತಿಳಿಸಿ.

ಮರು:
ಇಬ್ಬರಿಗೂ ವಂದನೆ. ‘ಅನುರಣನ ಅವಧಿ’ ಎಂದು ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಸದ್ದು ಆರುವ ಹೊತ್ತು’ ಎಂದು ಸೇರಿಸಿದೆ. ಅಕೌಸ್ಟಿಕ್ ಡಿಸೈನ್‌ಗೆ ‘ಧ್ವನಿವಿನ್ಯಾಸ’ ಎಂದರೆ ನಾಟಕದವರು ಬೇರೇನೋ ತಿಳಿಯುತ್ತಾರೆ, ಅದನ್ನೂ ಕೇಳಬೇಕೆಂದಿದ್ದೆ. ಈಗ ಧೈರ್ಯವಿಲ್ಲ.